ಎಂಜಿನ್ ನಿಲ್ಲಿಸಿದವರು

‘ಪಂಪ್ ಮೇಸ್ತ್ರಿ ಸೀಲು ಒಡೆದು ಸ್ಕ್ರೂ ಅರ್ಧ ಸುತ್ತು ಕೊಟ್ಟರು, ಎಂಜಿನ್ ಗುಡುಗಿತು, ಫೌಂಡ್ರಿ ಉಳಿಯಿತು.’ ಪೀಣ್ಯದ ಚಹಾ ಅಂಗಡಿಗಳಲ್ಲಿ ಈ ಕಥೆ ಇಂದಿಗೂ ಹೀಗೆಯೇ ಓಡಾಡುತ್ತಿದೆ. ಹೇಳುವವರು ಮೇಸ್ತ್ರಿಯನ್ನು ಹೊಗಳಲೆಂದೇ ಹೇಳುತ್ತಾರೆ. ಆ ದಿನ ಅವರ ಪಕ್ಕದಲ್ಲಿ ಮೊಣಕಾಲೂರಿ ಕುಳಿತಿದ್ದವನು ನಾನು. ಸೀಲು ಒಡೆಯಲಿಲ್ಲ, ಸ್ಕ್ರೂ ತಿರುಗಲಿಲ್ಲ. ಅವರು ಮಾಡಿದ್ದೇ ಬೇರೆ. ಅದನ್ನು ಮಾಡಿದಾಗ ನಮ್ಮಲ್ಲಿ ಒಬ್ಬರೂ ಅವರನ್ನು ಹೊಗಳಲಿಲ್ಲ.

ಅವರ ಒಂಬತ್ತು ಬೆರಳುಗಳು ಅರದಂತೆ ಒರಟಾಗಿದ್ದವು, ಉಗುರಿನ ಸುತ್ತ ಅಳಿಯದ ಕಪ್ಪು ಗೆರೆ. ಎಡಗೈಯ ತೋರುಬೆರಳು ಮಾತ್ರ ಬೇರೆ ಯಾರದೋ ಕೈಯಿಂದ ತಂದಿಟ್ಟಂತೆ ನುಣ್ಣಗಿತ್ತು. ಅದಕ್ಕೆ ದಿನವೂ ಹರಳೆಣ್ಣೆ ತಿಕ್ಕುತ್ತಿದ್ದರು. ಅದರಿಂದ ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ, ಬಿಸಿ ಲೋಟವನ್ನೂ ಮುಟ್ಟುತ್ತಿರಲಿಲ್ಲ. ಡೀಸೆಲ್ ಎಂಜಿನ್ನಿನ ಪಂಪು ಪ್ರತಿಯೊಂದು ಸಿಲಿಂಡರಿಗೂ ಸಣ್ಣದೊಂದು ಉಕ್ಕಿನ ಕೊಳವೆಯ ಮೂಲಕ ಇಂಧನ ತಳ್ಳುತ್ತದೆ. ಆ ಕೊಳವೆಯ ಮೇಲೆ ಬೆರಳಿಟ್ಟರೆ ಮಿಡಿತ ಸಿಗುತ್ತದೆ. ಆ ಮಿಡಿತಕ್ಕೆಂದೇ ಅವರ ಬೆರಳು ಮೀಸಲು. ಅದರ ವಿಷಯದಲ್ಲಿ ಅವರಿಗೆ ಜಂಬವೂ ಇತ್ತು. “ಇದು ನನ್ ಮೀಟರು ಕಣ್ರೀ” ಎಂದು ಗಾಳಿಯಲ್ಲಿ ಆಡಿಸಿ ತೋರಿಸುತ್ತಿದ್ದರು.

ಸ್ವಭಾವದಲ್ಲಿ ಜಗಳಗಂಟರು. ಪಂಪಿನ ಬದಿಯಲ್ಲಿರುವ ಒಂದು ಸ್ಕ್ರೂ ಎಂಜಿನ್ನಿಗೆ ಹೆಚ್ಚೆಂದರೆ ಎಷ್ಟು ಡೀಸೆಲ್ ಹೋಗಬೇಕೆಂದು ನಿಗದಿ ಮಾಡುತ್ತದೆ. ಕಾರ್ಖಾನೆಯವರು ಅದಕ್ಕೆ ತಂತಿ ಸುತ್ತಿ ಸೀಸದ ಸೀಲು ಹಾಕಿರುತ್ತಾರೆ. ಗಾಡಿಯವರಿಗೆಲ್ಲ ಆ ಸ್ಕ್ರೂವಿನ ಮೇಲೆಯೇ ಕಣ್ಣು. ಒಮ್ಮೆ ನೀರಿನ ಟ್ಯಾಂಕರಿನ ಚಾಲಕನೊಬ್ಬ ಬಂದು, “ಗಾಡಿ ಎಳೀತಿಲ್ಲ ಮೇಸ್ತ್ರೀ, ಒಂಚೂರು ಸ್ಕ್ರೂ ಕೊಡಿ” ಎಂದ.

“ನಿಮ್ಮಪ್ಪಂಗೆ ಮೆಟ್ಲು ಹತ್ತಕ್ಕಾಗಲ್ಲ ಅಂದ್ರೆ ಎರಡೂಟ ಹಾಕ್ತೀಯೇನೋ? ಮೊದ್ಲು ಏರ್ ಫಿಲ್ಟರ್ ಬಿಚ್ಚು.”

ಬಿಚ್ಚಿದಾಗ ತುಮಕೂರು ರಸ್ತೆಯ ಧೂಳೆಲ್ಲ ಅದರಲ್ಲೇ ಇತ್ತು. ಚಾಲಕ ಹಲ್ಲು ಕಿರಿದ; ಇವರು ನಗಲಿಲ್ಲ.

ಶಾಲೆಯನ್ನು ಬೇಗನೆ ಬಿಟ್ಟ ನಾನು ಓದಿದ್ದೆಲ್ಲ ಅನಂತರ, ನನ್ನಷ್ಟಕ್ಕೆ. ಎಂಜಿನ್ ಪುಸ್ತಕಗಳನ್ನು ಹಿಡಿದು ಅವರ ಬೆಂಚಿನ ಮುಂದೆ ವಾದಕ್ಕೆ ಕೂರುತ್ತಿದ್ದೆ. ಅವರು ಪುಸ್ತಕವನ್ನು ಎಂದೂ ತೆಗಳಲಿಲ್ಲ. “ಸರಿಯಾಗೇ ಬರ್ದವ್ರೆ. ಆದ್ರೆ ಅದು ಆ ಎಂಜಿನ್ನು, ಇದು ಈ ಎಂಜಿನ್ನು” ಎನ್ನುತ್ತಿದ್ದರು. ಒಪ್ಪಿಕೊಂಡ ಮಾತನ್ನೂ ಅನುಮಾನಿಸಿ ನೋಡುವ ನನ್ನ ರೂಢಿಗೆ ಬೇರು ಅಲ್ಲಿದೆ.

ಈಗ ಆ ದಿನದ ಮಾತು. ನಾನು ಫಿಟ್ಟರ್ ಆಗಿದ್ದ ಫೌಂಡ್ರಿಯಲ್ಲಿ ವಿದ್ಯುತ್ತಿನಿಂದ ಕಬ್ಬಿಣ ಕರಗಿಸುವ ಕುಲುಮೆಯಿತ್ತು. ಅದರ ಸುತ್ತ ತಾಮ್ರದ ಸುರುಳಿ, ಸುರುಳಿಯೊಳಗೆ ತಣ್ಣೀರು. ಕುಲುಮೆಯಲ್ಲಿ ಕರಗಿದ ಲೋಹ ಇರುವಷ್ಟು ಹೊತ್ತು ಆ ನೀರು ಹರಿಯುತ್ತಲೇ ಇರಬೇಕು. ನಿಂತರೆ ಸುರುಳಿ ಕಾದು ಸೀಳುತ್ತದೆ. ಸೀಳಿನ ನೀರು ಲೋಹಕ್ಕೆ ತಗುಲಿದರೆ ಕುಲುಮೆ ಸಿಡಿಯುತ್ತದೆ. ಕರೆಂಟು ಹೋದಾಗ ಆ ನೀರನ್ನು ತಳ್ಳಲು ಇದ್ದದ್ದು ಡೀಸೆಲ್ ಜನರೇಟರ್. ಅದರ ಎಂಜಿನ್ನೇ ಕೆಲವು ದಿನಗಳಿಂದ ಬಲಗುಂದಿತ್ತು.

ನೋಡಲು ಬಂದ ಮೇಸ್ತ್ರಿಗೂ ಮಾಲೀಕರಿಗೂ ಮಧ್ಯಾಹ್ನವೇ ಮಾತು ಬೆಳೆಯಿತು. ಡೀಸೆಲ್ ಪಂಪು ಹಳೆಯದು, ಸವೆದಿದೆ. ಹೊಸದಿದ್ದಾಗ ಹಾಕಿದ ಸೀಲಿಗೆ ಈಗೇನು ಅರ್ಥ, ಸ್ವಲ್ಪ ಸ್ಕ್ರೂ ಕೊಡಿ ಎಂದರು ಮಾಲೀಕರು. ಆ ತರ್ಕ ಪೊಳ್ಳಲ್ಲ. ನಾನೂ ಅದನ್ನೇ ನಂಬಿದ್ದೆ. ಮೇಸ್ತ್ರಿ ಒಪ್ಪಲಿಲ್ಲ. ಇನ್ನೂ ವಾದ ನಡೆದಿರುವಾಗಲೇ ಕರೆಂಟು ಹೋಯಿತು. ಕುಲುಮೆ ತುಂಬ ಕರಗಿದ ಕಬ್ಬಿಣವಿತ್ತು.

ಜನರೇಟರಿನ ಎಂಜಿನ್ ಚಾಲೂ ಆಯಿತು. ನೀರಿನ ಪಂಪಿನ ಭಾರ ಬಿದ್ದೊಡನೆ ಅದರ ದನಿ ಕುಸಿಯಿತು. ನೀರಿನ ಒತ್ತಡದ ಮುಳ್ಳು ಇಳಿಯತೊಡಗಿತು.

“ಈಗ್ಲಾದ್ರೂ ಸ್ಕ್ರೂ ಕೊಡ್ರೀ!” ಮಾಲೀಕರು ಕೂಗಿದರು.

ಮೇಸ್ತ್ರಿ ಕೊಳವೆಯ ಮೇಲೆ ಬೆರಳಿಟ್ಟು, ಹೊಗೆಕೊಳವೆಯತ್ತ ನೋಡಿದರು. “ಹೊಗೆನೇ ಇಲ್ಲ ಸಾರ್. ಡೀಸೆಲ್ ಪಂಪಿನ ತನಕ ಬರ್ತಾನೇ ಇಲ್ಲ. ತಟ್ಟೇಲಿ ಅನ್ನ ಇಲ್ದೆ ಬಾಯಿ ಅಗಲ ಮಾಡಿ ಏನ್ ಪ್ರಯೋಜ್ನ? ದಾರಿ ಬಿಚ್ಚಿ ನೋಡ್ಬೇಕು, ಎಂಜಿನ್ ನಿಲ್ಲಿಸ್ಬೇಕು.”

“ನಿಲ್ಸೋದಾ? ತಲೆ ಕೆಟ್ಟಿದ್ಯಾ ನಿಮ್ಗೆ?”

ಮೇಸ್ತ್ರಿ ಕುಲುಮೆಯ ಕಟ್ಟೆಯತ್ತ ನಡೆದರು. ಅಲ್ಲಿದ್ದದ್ದು ಬಾಗಲಕೋಟೆ ಕಡೆಯಿಂದ ದುಡಿಯಲು ಬಂದಿದ್ದ ಕುಲುಮೆಯಾಳು. ಎಂಜಿನ್ ನಿಂತರೆ ಸುರುಳಿಗೆ ಉಳಿಯುವುದು ಮಾಡಿನ ಮೇಲಿನ ತೊಟ್ಟಿಯ ನೀರೊಂದೇ. ಅದರ ಕವಾಟ ತೆರೆದು, ಸುರುಳಿಯಿಂದ ಹೊರಬರುವ ನೀರಿನ ಮೇಲೆ ಕಣ್ಣಿಡಲು ಒಬ್ಬರು ಕಟ್ಟೆಯ ಮೇಲೆಯೇ ನಿಲ್ಲಬೇಕು.

“ತೊಟ್ಟಿ ತುಂಬೈತಾ ಅಣ್ಣ?”

“ಮುಂಜಾನಿ ತುಂಬಿಸೀವ್ರೀ. ಈಗ ಎಷ್ಟೈತೋ ದೇವ್ರಿಗೇ ಗೊತ್ತು.”

“ಎಂಜಿನ್ ಬಂದ್ ಮಾಡ್ಲಾ? ನೀನು ಬ್ಯಾಡ ಅಂದ್ರೆ ಮಾಡಲ್ಲ. ನಿಂತ್ಕೋತೀಯಾ?”

ಆತ ಒಮ್ಮೆ ಕುಲುಮೆಯನ್ನು, ಒಮ್ಮೆ ಬಾಗಿಲನ್ನು ನೋಡಿದ. “ಮಾಡ್ರಿ. ಲಗೂನ ಮಾಡ್ರಿ.”

ಉಳಿದವರನ್ನೆಲ್ಲ ರಸ್ತೆಗೆ ಕಳುಹಿಸಿದೆವು. ಮೇಸ್ತ್ರಿ ಎಂಜಿನ್ ನಿಲ್ಲಿಸಿದರು. ಶೆಡ್ಡಿನಲ್ಲಿ ತೊಟ್ಟಿಯ ನೀರು ತೆಳ್ಳಗೆ ಬೀಳುವ ಸದ್ದು ಮಾತ್ರ ಉಳಿಯಿತು, ಅದರ ಮೇಲೆ ಕುಲುಮೆಯಾಳಿನ ಕೂಗು: “ಐತ್ರೀ... ಇನ್ನೂ ಐತ್ರೀ...”

ಡೀಸೆಲ್ ಒಳಬರುವ ದಾರಿಯ ಪುಟ್ಟ ಜಾಲರಿಯನ್ನು ಮೇಸ್ತ್ರಿ ಬಿಚ್ಚಿದರು. ಒರೆಸುವ ಬಟ್ಟೆಯ ನೂಲು ಕೆಸರಿನೊಡನೆ ಸೇರಿ ಅದರ ಮೇಲೆ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ತೊಳೆದು ಕೂರಿಸಿದರು. ಬಿಚ್ಚಿದ ದಾರಿಯಲ್ಲಿ ಗಾಳಿ ಸೇರಿರುತ್ತದೆ. ಗಾಳಿ ಬಿಡುವ ಪುಟ್ಟ ತಿರುಪನ್ನು ಸಡಿಲಿಸಿ ಅದನ್ನು ಕೈಪಂಪಿನಿಂದ ಹೊರದೂಡುವ ಕೆಲಸ ನನ್ನದಾಯಿತು. ಡೀಸೆಲ್ ನೊರೆನೊರೆಯಾಗಿ ಹೊರಬರುತ್ತಿತ್ತು.

“ಬಿಸಿ ಆತ್ರೀ ನೀರು!”

ನಾನು ಒತ್ತುತ್ತಲೇ ಇದ್ದೆ. ಗುಳ್ಳೆಗಳು ಕಡಿಮೆಯಾದವು.

“ಉಗಿ ಬರಾಕತ್ತೈತಿ! ಏ ಯಪ್ಪಾ, ಉಗಿ!”

ನಾನು ಆ ತಿರುಪು ಮುಚ್ಚಲು ಕೈ ಚಾಚಿದೆ. ಮೇಸ್ತ್ರಿ ನನ್ನ ಮಣಿಕಟ್ಟು ಹಿಡಿದರು. “ಗಾಳಿ ಉಳಿದ್ರೆ ಹತ್ತಿ ಆರೋಗ್ತದೆ. ಬ್ಯಾಟ್ರಿ ಇನ್ನೊಂದ್ಸಲ ತಾಳಲ್ಲ. ಒತ್ತು.” ಒತ್ತಿದೆ. ಒಂದು ದೊಡ್ಡ ಗುಳ್ಳೆ ಒಡೆಯಿತು. ಅದರ ಹಿಂದೆ ಡೀಸೆಲ್ ಗಾಜಿನ ಕಡ್ಡಿಯಂತೆ ತಿಳಿಯಾಗಿ ಬಂತು. ಆಗ ಬಿಗಿದರು. ಎಂಜಿನ್ ಚಾಲೂ ಆಯಿತು, ಭಾರ ಹೊತ್ತಿತು, ಮುಳ್ಳು ಏರಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾಲೀಕರು ರಸ್ತೆಯಿಂದ ಒಳಬಂದು, “ಸ್ಟಾರ್ಟ್ ಆಗ್ದೆ ಇದ್ದಿದ್ರೆ?” ಎಂದು ಕೇಳಿದರು.

“ನಾನೂ ಅದನ್ನೇ ಯೋಚಿಸ್ತಿದ್ದೆ ಸಾರ್” ಎಂದರು ಮೇಸ್ತ್ರಿ.

ರಸ್ತೆಯಲ್ಲಿ ನಿಂತವರಿಗೆ ಕೇಳಿಸಿದ್ದು ಒಂದು ಮೌನ, ಆಮೇಲೆ ಒಂದು ಗರ್ಜನೆ. ನಡುವಿನದನ್ನು ಅವರು ತಾವೇ ಸ್ಕ್ರೂವಿನಿಂದ ತುಂಬಿಕೊಂಡರು. ಆ ಕಥೆ ಕೇಳಿದ ಎಷ್ಟೋ ಮಂದಿ ಮೆಕ್ಯಾನಿಕ್‌ಗಳು ‘ಮೇಸ್ತ್ರಿ ಕೈಚಳಕ’ವೆಂದು ಸೀಲು ಕಿತ್ತು ಎಂಜಿನ್ನುಗಳನ್ನು ಸುಟ್ಟಿದ್ದಾರೆ. ಬದುಕಿರುವವರೆಗೂ ಮೇಸ್ತ್ರಿ ಆ ಕಥೆಯನ್ನು ನಿರಾಕರಿಸಿ ಬೈದರು. ಜನ ಅದನ್ನು ವಿನಯವೆಂದುಕೊಂಡರು. ವಿನಯ ಅವರಲ್ಲಿ ಇರಲೇ ಇಲ್ಲ.

ಹೋದ ಆಷಾಢದಲ್ಲಿ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಫೋಟೋಗೆ ಹಾರ ಹಾಕಿ ಅದೇ ಕಥೆಯನ್ನು ಮತ್ತೆ ಹೇಳಿದರು. ನಾನು ಎದ್ದು ಅಲ್ಲವೆಂದಾಗ, “ಸತ್ತೋರ ವಿಷ್ಯದಲ್ಲಿ ಯಾಕೆ ತಾತಾ ಕ್ಯಾತೆ” ಎಂದು ಕೂರಿಸಿದರು.

ನನ್ನ ಮಾತನ್ನು ಯಾರೂ ನಂಬಬೇಕಾಗಿಲ್ಲ. ಕುಲುಮೆಯಾಳು ಮಾಕಳಿಯಲ್ಲಿ, ಆಗಿದ್ದ ಅದೇ ಬಾಡಿಗೆ ಕೋಣೆಯಲ್ಲಿದ್ದಾರೆ, ಭಾನುವಾರ ಸಿಗುತ್ತಾರೆ. ಹೋದ ತಿಂಗಳು ನಾನೇ ಹೋಗಿ, ಅಂದು ಏನಾಯಿತೆಂದು ಮೊದಲಿನಿಂದ ಹೇಳಿಸಿದೆ. ಯಾರು ಕೇಳಿದರೂ ಅವರು ಇಷ್ಟನ್ನೇ ಹೇಳುತ್ತಾರೆ:

“ಸ್ಕ್ರೂ ಗಿಕ್ರೂ ನನಗ ಗೊತ್ತಿಲ್ರೀ. ಬಂದ್ ಮಾಡ್ಲೇನು ಅಂತ ನನ್ನ ಕೇಳಿದ್ರು. ಭಟ್ಟಿ ಮುಂದ ಇಷ್ಟು ವರ್ಷ ನಿಂತೀನಿ, ನನ್ನ ಯಾರೂ ಹಂಗ ಕೇಳಿದ್ದಿಲ್ಲ.”