ಬೆಡ್‌ರೂಮಿನಲ್ಲಿ ಬೆಳೆದ ಗಾಂಜಾ

ನಾನು ಗಾಂಜಾ ಬೆಳೆಸಿದ್ದೇನೆ. ಮಸ್ಕತ್‌ನಲ್ಲಿ, ರೂವಿಯ ಫ್ಲ್ಯಾಟಿನಲ್ಲಿ, ನಮ್ಮದೇ ಬೆಡ್‌ರೂಮಿನಲ್ಲಿ. (ಹೆಂಡತಿಯ ಪರ್ಮಿಶನ್ ಪಡೆದೇ.)

ಗಾಬರಿಯಾಗಬೇಡಿ. ಎಂಬತ್ತರ ದಶಕದ ಕೊನೆಯ ಮಾತಿದು. ಆಗ ನನಗೆ ಮಣ್ಣಿನ ಹುಚ್ಚು. ಹೊರಗಿಟ್ಟ ಗಿಡ ಬಿಸಿಲಿಗೆ ಸುಟ್ಟು ಹೋಗುತ್ತಿತ್ತು. ಹಾಗಾಗಿ ಎಸಿ ರೂಮಿನ ಕಿಟಕಿಯ ಬಳಿ ಒಂದು ಟಬ್ ಇಟ್ಟೆ. ಸೀಬ್‌ನ ಖರ್ಜೂರದ ತೋಟದಿಂದ ಎರೆಹುಳು ತಂದೆ. ತರಕಾರಿ ಸಿಪ್ಪೆ, ಚಹಾ ಸೋಸಿದ ಚರಟ, ಮೀನು ತೊಳೆದ ನೀರು, ಎಲ್ಲ ಅದಕ್ಕೇ. ಮನೆಗೆ ಬಂದವರಿಗೆ ಕಾಫಿಗೆ ಮೊದಲು ಲೆಕ್ಚರ್: "ಮಣ್ಣಿಗೆ ಜೀವ ಇರ್ಬೇಕು. ಕೆಮಿಕಲ್ ಹಾಕಿದ್ರೆ ಸತ್ತು ಹೋಗ್ತದೆ." ಅವರು ಮೂಗು ಮುಚ್ಚಿಕೊಂಡು ಹೌದು ಹೌದು ಎನ್ನುತ್ತಿದ್ದರು.

ಒಂದು ದಿನ ಟಬ್ಬಿನಲ್ಲಿ ನಾನು ಬಿತ್ತದ ಎರಡು ಸಸಿ ಎದ್ದವು. ಬೆರಳು ಬಿಡಿಸಿದಂಥ ಎಲೆ, ಅಂಚಿಗೆ ಗರಗಸದ ಹಲ್ಲು. ಯಾವುದೋ ಫಾರಿನ್ ಕ್ರೋಟನ್ ಎಂದುಕೊಂಡು ಮುದ್ದಿನಿಂದ ಸಾಕಿದೆ.

ಒಳ್ಳೆಯ ಗಿಡವನ್ನು ಇನ್ನೊಬ್ಬರಿಗೆ ಹಂಚದಿದ್ದರೆ ನಮ್ಮ ಕರಾವಳಿಯವರಿಗೆ ತಿಂದದ್ದು ಜೀರ್ಣವಾಗುತ್ತದೆಯೇ? ಒಂದನ್ನು ಚಟ್ಟಿಯಲ್ಲಿ ನೆಟ್ಟು ಕಫೀಲ್‌ಗೆ ಕೊಟ್ಟೆ. ಅಂದರೆ, ನನ್ನ ವೀಸಾ ಯಾರ ಕೈಯಲ್ಲಿತ್ತೋ ಆ ಒಮಾನಿ ಧಣಿಗೆ. ಅವರು ಬೆನ್ನು ತಟ್ಟಿದರು. ಪ್ರಮೋಶನ್ ಗ್ಯಾರಂಟಿ ಎಂದುಕೊಂಡೆ.

ಆ ಶುಕ್ರವಾರ, ಅಲ್ಲಿಯ ವಾರದ ರಜೆಯ ದಿನ, ಹಂಝಾಕ ಬಂದರು. ರೂವಿಯಲ್ಲಿ ಬಟ್ಟೆ ಅಂಗಡಿಯಿಟ್ಟ ಉಳ್ಳಾಲದ ಬ್ಯಾರಿ. ಗಿಡ ನೋಡಿದವರೇ ಕಿಟಕಿಯ ಪರದೆ ಎಳೆದರು.

"ಶೆಟ್ರೆ, ಇದು ಎಂಥ ಗಿಡ ಅಂತ ಗೊತ್ತುಂಟಾ?"

"ಕ್ರೋಟನ್."

"ಎಂಥ ಕ್ರೋಟನ್ ಮಾರಾಯ್ರೆ. ಗಾಂಜಾ ಇದು. ಹಕ್ಕಿಗೆ ಹಾಕುವ ಕಾಳಲ್ಲಿ ಇದರ ಬೀಜವೂ ಇರ್ತದೆ. ಪೊಲೀಸರು ಕಂಡ್ರೆ ನೀವು ಖಲಾಸ್."

(ನಮ್ಮ ಲವ್‌ಬರ್ಡ್ಸ್ ಪಂಜರ ಟಬ್ಬಿನ ಮೇಲೆಯೇ ನೇತಾಡುತ್ತಿತ್ತು.)

ಜೈಲೋ, ಡಿಪೋರ್ಟೋ? ಹಂಝಾಕ ಚಹಾ ಮುಟ್ಟದೆ ಎದ್ದರು. "ನಾನು ಇವತ್ತು ಇಲ್ಲಿಗೆ ಬರ್ಲೇ ಇಲ್ಲ, ಆಯ್ತಾ?" ಹೆಂಡತಿ ಗಿಡವನ್ನು ಬುಡಸಮೇತ ಕಿತ್ತು, ಕೊಚ್ಚಿ, ಕಮೋಡಿಗೆ ಹಾಕಿ ಫ್ಲಶ್ ಎಳೆದಳು. ಆಮೇಲೆ ಕೇಳಿದಳು: "ಧಣಿಗೆ ಕೊಟ್ಟದ್ದನ್ನು ಎಂಥ ಮಾಡ್ತೀರಿ?"

ಶನಿವಾರ ಎಲ್ಲರಿಗಿಂತ ಮೊದಲು ಆಫೀಸು ತಲುಪಿದೆ. ಧಣಿಯ ರೂಮಿನಲ್ಲಿ ಚಟ್ಟಿಯೇ ಇಲ್ಲ. ಯಾರು ಒಯ್ದರು? ಯಾರಿಗೆ ತೋರಿಸಿದರು? ಧಣಿ ಬಂದೊಡನೆ ಹರಕು ಹಿಂದಿಯಲ್ಲಿ ತೊದಲಿದೆ. ಗಿಡಕ್ಕೆ ರೋಗವಿದೆ, ವಾಪಸ್ ಕೊಡಿ ಎಂದೆ.

ಅವರು ನಕ್ಕರು. ವೀಕೆಂಡಿಗೆ ಅದನ್ನು ರುಸ್ತಾಕಿಗೆ, ತಾಯಿಯ ಮನೆಗೆ ಒಯ್ದಿದ್ದರಂತೆ. ಅಂಗಳದಲ್ಲಿಟ್ಟು ಸಲಾಂ ಹೇಳಿ ಬರುವಷ್ಟರಲ್ಲಿ ಮನೆಯ ಆಡು ಬುಡದವರೆಗೆ ತಿಂದು ಮುಗಿಸಿತ್ತಂತೆ.

"ಬಹಳ ಇಷ್ಟಪಟ್ಟು ತಿಂದಿತು. ಇನ್ನೊಂದಿದ್ದರೆ ಕೊಡು" ಎಂದರು.

ಬಚಾವಾದೆ ಎಂದು ಕುಣಿಯಬೇಕಿತ್ತು. ಕುಣಿಯಲಿಲ್ಲ, ಬೇಜಾರಾಯಿತು. ನಾನು ಬೆಳೆಸಿದ ಬಸಳೆಯನ್ನು ಹೆಂಡತಿ ಮುಟ್ಟುತ್ತಿರಲಿಲ್ಲ. ಅಲಸಂಡೆಯನ್ನು ಮಕ್ಕಳು "ಯಕ್, ಪಪ್ಪಾ" ಎಂದು ತಟ್ಟೆಯ ಬದಿಗೆ ಸರಿಸುತ್ತಿದ್ದರು.

ಅಷ್ಟು ವರ್ಷಗಳ ಕೃಷಿಯಲ್ಲಿ ಇನ್ನೊಮ್ಮೆ ಬೇಕು ಎಂದ ಗಿರಾಕಿ ಸಿಕ್ಕಿದ್ದೇ ಒಂದು ಆಡು, ಅದಕ್ಕೂ ಇಲ್ಲ ಎನ್ನಬೇಕಾಯಿತಲ್ಲ?