ಸಾಣೆಕಲ್ಲಿನ ಮೇಲೆ ಕ್ಯಾಪ್ಸೂಲು

ಮುನವಳ್ಳಿಯಲ್ಲಿರುವ ನನ್ನ ಸೋದರತ್ತೆಯ ಅಡುಗೆಮನೆಯಲ್ಲಿ ಎರಡು ಸಾಣೆಕಲ್ಲುಗಳಿವೆ. ಒಂದು ದೇವರ ಗಂಧಕ್ಕೆ, ಇನ್ನೊಂದು ಔಷಧಕ್ಕೆ. ನಮ್ಮ ಮನೆತನದ ಕೂಸುಗಳೆಲ್ಲ ಆ ಎರಡನೆಯ ಕಲ್ಲಿನ ಮೇಲೆ ತೇಯ್ದ ಬಜೆ, ಜಾಯಿಕಾಯಿ ನೆಕ್ಕಿ ಮುಖ ಕಿವುಚಿದವರೇ. ಯಾವ ಔಷಧವಾದರೂ ತೇಯ್ದರೇ ಮೈಗೆ ಹತ್ತುತ್ತದೆ ಎಂಬುದು ಅತ್ತೆಯ ನಂಬಿಕೆ.

ಹೋದ ಮಳೆಗಾಲದಲ್ಲಿ ಅವಳಿಗೆ ಹೊಟ್ಟೆಯ ಉರಿ ಶುರುವಾಯಿತು. ಎರಡು ತುತ್ತು ಉಂಡರೆ ಎದೆಯವರೆಗೆ ಬೆಂಕಿ. ರೊಟ್ಟಿ ಬಿಟ್ಟು ಗಂಜಿಗೆ ಬಂದಳು. ಬೈಲಹೊಂಗಲದ ಡಾಕ್ಟರು ಕ್ಯಾಪ್ಸೂಲು ಬರೆದುಕೊಟ್ಟು, "ತಿಂಗಳದಾಗ ಕಡಿಮಿ ಆಗಲಿಲ್ಲಂದ್ರ ಬೆಳಗಾವಿಗೆ ಹೋಗಿ ಬಾಯಾಗಿಂದ ನಳಿಗಿ ಇಳಿಸಿ ಹೊಟ್ಟಿ ನೋಡಿಸಬೇಕಾಗತೈತ್ರಿ" ಎಂದರು.

ಅತ್ತೆ ಹೋಟೆಲಿನ ನೀರನ್ನೂ ಬಾಯಿಗೆ ಹಾಕಿದವಳಲ್ಲ. ಮನೆಗೆ ಬಂದದ್ದೇ ಶುರುಮಾಡಿದಳು: "ಯಾರ್ಯಾರ ಹೊಟ್ಯಾಗ ಹೋಗಿ ಬಂದ ನಳಿಗಿನೋ ಏನೋ, ಅದು ನನ್ನ ಬಾಯಾಗ? ಸತ್ತರೂ ಬ್ಯಾಡ!"

ತಿಂಗಳು ಮುಗಿಯುತ್ತ ಬಂತು. ಉರಿ ಇಳಿಯಲಿಲ್ಲ, ಅತ್ತೆ ಇಳಿದಳು. ಸೀರೆಯ ನಿರಿಗೆಗಳು ಹೆಚ್ಚಾದವು. ನಾನು ಫೋನಿನಲ್ಲಿ ಅವಳ ಲಕ್ಷಣಗಳನ್ನು ಹಾಕಿ ಹುಡುಕಿದೆ. ಮೊದಲ ಪುಟದಲ್ಲಿ ಪಿತ್ತವೆಂದಿತ್ತು, ಮುಂದಿನದರಲ್ಲಿ ಹುಣ್ಣು, ಇನ್ನೂ ಕೆಳಗೆ ಹೋದರೆ ಬಾಯಲ್ಲಿ ಹೇಳಬಾರದ ರೋಗ. ಕೆಳಗೆ ಹೋಗದೆ ಇರಲು ಬೆರಳಿಗೆ ಆಗಲಿಲ್ಲ.

ಅತ್ತೆ ನನ್ನನ್ನೇ ನೋಡುತ್ತಿದ್ದಳು. "ಯಾಕೋ, ಯಾರರ ತೀರಿಕೊಂಡ್ರೇನು?"

"ಏನಿಲ್ಲ ಅತ್ಯಾ."

"ಹಂಗಾರ ನನ್ನ ಸುದ್ದೀನೇ ಇರಬೇಕು."

ಮರುದಿನ ಇಬ್ಬರೂ ಬೈಲಹೊಂಗಲದ ಬಸ್ಸು ಹತ್ತಿದೆವು. ಡಾಕ್ಟರು ಕಟಕೋಳ ಕಡೆಯ ಒಕ್ಕಲುತನದ ಮನೆಯ ತರುಣ. ಬೆಳಗಾವಿಗೆ ಚೀಟಿ ಬರೆಯಲು ಪೆನ್ನು ತೆಗೆದವರು, ಅದೇನು ಹೊಳೆಯಿತೋ, "ಅವ್ವಾರ, ಆ ಕ್ಯಾಪ್ಸೂಲ್ ಹೆಂಗ ತೊಗೊಳ್ತೀರಿ?" ಎಂದು ಕೇಳಿದರು.

ಅತ್ತೆ ಹುರುಪಿನಿಂದ ಹೇಳಿದಳು. ಭಜನಾ ಮಂಡಳಿಯ ಗ್ರೂಪಿನಲ್ಲಿ ಒಂದು ವಿಡಿಯೋ ಬಂದಿತ್ತಂತೆ. ಕ್ಯಾಪ್ಸೂಲಿನ ಮೇಲಿನ ಟೊಪ್ಪಿಗೆಯನ್ನು ದನದ ಎಲುಬು, ತೊಗಲು ಕುದಿಸಿ ಮಾಡುತ್ತಾರಂತೆ. "ಅದಕ್ಕ ಟೊಪ್ಪಿಗಿ ತಗದು ಒಗದ್ನಿ. ಒಳಗ ಸಾಬುದಾಣಿಗಿಂತಾ ಸಣ್ಣ ಕಾಳು ಇರ್ತಾವಲ್ಲಾ, ಅವನ್ನ ಸಾಣಿಕಲ್ಲಿನ ಮ್ಯಾಲೆ ಜೇನುತುಪ್ಪದಾಗ ಛಲೋತ್ನಾಗೆ ತೇಯ್ದು ನೆಕ್ಕತೇನಿ. ಒಂದು ದಿನಾನೂ ತಪ್ಪಿಸಿಲ್ಲ."

ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಪೆನ್ನು ಕೆಳಗಿಟ್ಟರು.

"ವಿಡಿಯೋದಾಂವ ಪೂರಾ ಸುಳ್ಳು ಹೇಳಿಲ್ರಿ. ಭಾಳಷ್ಟು ಕ್ಯಾಪ್ಸೂಲಿಗೆ ಅಂಥಾದ್ದ ಹಾಕ್ತಾರ. ಆದ್ರ ಒಳಗಿನ ಕಾಳಿಗೆ ಒಂದೊಂದಕ್ಕೂ ಒಂದು ಕವಚ ಇರತೈತಿ. ಹೊಟ್ಟಿ ಹುಳಿ ದಾಟಿ ಕರಳಿಗೆ ಹೋದ ಮ್ಯಾಲೆ ಅದು ಕರಗಬೇಕು. ನೀವು ತೇಯ್ದು ಕವಚಾನ ತಗದ್ರಿ. ಹುಳಿಯೊಳಗ ಔಷಧ ಕೆಟ್ಟು ಹೋತು."

"ಅಂದ್ರ ತಿಂಗಳತನಕ ಬರೇ ಜೇನುತುಪ್ಪ ನೆಕ್ಕಿದೆನೇನು?"

"ಹೆಚ್ಚು ಕಡಿಮಿ ಹಂಗ ಅನ್ರಿ. ಟೊಪ್ಪಿಗಿ ಇಲ್ಲದ ಗುಳಗಿನೂ ಸಿಗತೈತಿ, ಅದನ್ನ ಬರದು ಕೊಡ್ತೇನಿ. ಇಡೀದು ನುಂಗಬೇಕು ಮತ್ತ. ತಿಂಗಳು ನೋಡೂಣು, ಆಮ್ಯಾಲೆ ನಳಿಗಿ ವಿಚಾರ. ನಡುವ ವಾಂತಿ, ರಕ್ತ ಏನರ ಕಂಡ್ರ ತಡಾ ಮಾಡದ ಬರ್ರಿ. ವಿಡಿಯೋ ನೋಡ್ರಿ, ಬ್ಯಾಡನ್ನೂದಿಲ್ಲ. ನೋಡಿದ ಮ್ಯಾಲೆ ನನಗೊಂದು ಮಾತು ಕೇಳ್ರಿ."

ಅತ್ತೆ ಬಿಡುವವಳಲ್ಲ. "ಕೇಳಲಿಕ್ಕೆ ನಿಮಗೆಲ್ಲಿ ಪುರಸೊತ್ತು ಅದರಿ? ನಾ ಇಲ್ಲಿ ಕೂಡೂದ್ರಾಗ ಹೊರಗಿನವರು ಕೆಮ್ಮಲಿಕ್ಕೆ ಶುರು ಮಾಡ್ತಾರ. ಆ ವಿಡಿಯೋದಾಂವ ನನ್ನ ಮಾರಿ ನೋಡಿ ಸಾವಕಾಶ ಮಾತಾಡ್ತಾನ."

ಡಾಕ್ಟರು ಗುಳಿಗೆಯ ಚೀಟಿ ಬರೆದು ಅವಳ ಕೈಗೇ ಕೊಟ್ಟರು.

ಮನೆಗೆ ಬಂದವಳೇ ಉಳಿದಿದ್ದ ಎರಡು ಕ್ಯಾಪ್ಸೂಲು ಒಡೆದಳು. ಒಂದರ ಕಾಳನ್ನು ಹಾಗೇ ಲಿಂಬೆರಸದ ಬಟ್ಟಲಿಗೆ ಹಾಕಿದಳು. ಇನ್ನೊಂದರದನ್ನು ತೇಯ್ದು, ಲಿಂಬೆರಸವೇ ಇದ್ದ ಬೇರೆ ಬಟ್ಟಲಿಗೆ.

"ಲಿಂಬಿಹುಳಿ, ಹೊಟ್ಟಿಹುಳಿ ಎರಡೂ ಒಂದೇನೋ?"

"ಒಂದಲ್ಲ ಅತ್ಯಾ. ಆದ್ರ ಎರಡೂ ಹುಳಿನೇ."

"ಹಂಗಾರ ನೋಡೇ ಬಿಡೂಣು. ಡಾಕ್ಟರೂ ವಿಡಿಯೋದಾಂವನೂ ಹೇಳಿದ್ದಾತು, ಇನ್ನ ನನ್ನ ಕಣ್ಣು ಏನು ಹೇಳ್ತದ ನೋಡೂಣು."

ಅವಳು ಗಂಜಿಗೆ ಇಟ್ಟಳು. ನಾನು ಬಟ್ಟಲುಗಳ ಮುಂದೆಯೇ ಕೂತೆ. ಗಂಜಿ ಕುದಿಯುವ ಹೊತ್ತಿಗೆ ತೇಯ್ದದ್ದರ ಬಣ್ಣ ಕೆಟ್ಟು ಕಂದಾಗಿತ್ತು. ಇಡೀ ಕಾಳುಗಳು ತಳದಲ್ಲಿ ಬೆಳ್ಳಗೆ, ತಣ್ಣಗೆ ಕೂತಿದ್ದವು. ಅತ್ತೆ ಬಗ್ಗಿ ನೋಡಿದಳು, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದಳು. ಅದೇನು ದೊಡ್ಡ ಪರೀಕ್ಷೆಯಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಮರುದಿನ ಬೆಳಿಗ್ಗೆ ಅವಳು ಹೊಸ ಗುಳಿಗೆಯನ್ನು ಇಡಿಯಾಗಿ ನುಂಗಿದಳು. ಸಾಣೆಕಲ್ಲು ತೊಳೆದು ಗೋಡೆಗೆ ಒರಗಿಸಿದಳು.

ದಿನ ಕಳೆದಂತೆ ಗಂಜಿ ಹೋಗಿ ಅನ್ನ ಬಂತು, ಆಮೇಲೆ ಮೆತ್ತನೆಯ ರೊಟ್ಟಿ. ಮತ್ತೆ ತೋರಿಸಲು ಹೋದಾಗ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಊಟದ ಸುದ್ದಿ ಕೇಳಿ, "ಸದ್ಯಕ್ಕ ನಳಿಗಿ ಬ್ಯಾಡ್ರಿ" ಎಂದರು. ನಾನು ಏಳಲು ಹೋದೆ. ಅತ್ತೆ ನನ್ನ ಅಂಗಿ ಹಿಡಿದು ಕೂಡಿಸಿದಳು, ಚೀಲದಿಂದ ಫೋನು ತೆಗೆದಳು.

"ಕೇಳ್ರಿ ಅಂದಿದ್ರಲ್ಲಾ, ಕೇಳ್ತೇನಿ. ಮಣಕಾಲು ನೋವಿಗೆ ಈ ವಿಡಿಯೋದಾಂವ ಏನೋ ಒಂದು ಎಣ್ಣಿ ಹೇಳ್ಯಾನ..."

ಹೊರಗೆ ಯಾರೋ ಕೆಮ್ಮಿದರು. ಡಾಕ್ಟರು ಬಾಗಿಲ ಕಡೆ ನೋಡಿದರು, ಆಮೇಲೆ ಕುರ್ಚಿಯನ್ನು ಅತ್ತೆಯ ಹತ್ತಿರಕ್ಕೆ ಎಳೆದುಕೊಂಡರು.