ಚಕ್ಕುಬಂದಿ ಕೇಳದೆ ತಂದ ಪುಕ್ಕಟೆ ಪ್ಲಗಿನ್

"ಏನಪ್ಪಾ, ನನ್ ಜಮೀನು ಮಾರಾಟಕ್ಕದೆ ಅಂತ ತಮಟೆ ಒಡ್ಸಿದೀಯಾ?"

ಹೋದ ತಿಂಗಳು ಒಂದು ಸೋಮವಾರ, ನಾನಿನ್ನೂ ಹಲ್ಲುಜ್ಜುವ ಮೊದಲೇ ಬಂದ ಫೋನ್ ಇದು. ಆ ಕಡೆ ಪುಟ್ಟತಾಯಕ್ಕ. ಅಂತರಸಂತೆಯಲ್ಲಿ ಸಣ್ಣದೊಂದು ಹೋಟೆಲ್ ನಡೆಸುತ್ತಾರೆ. ಇಡ್ಲಿ ಬೇಯುವ ಹೊತ್ತಿನಲ್ಲಿ ಅವರು ಫೋನ್ ಮುಟ್ಟುವವರೇ ಅಲ್ಲ. ಮುಟ್ಟಿದ್ದಾರೆ ಅಂದರೆ ಎಲ್ಲೋ ಏನೋ ಸೀದಿದೆ.

"ಆಗ್ಲೇ ನಾಕು ಜನ ಫೋನ್ ಮಾಡವ್ರೆ. ಸರ್ವೆ ನಂಬರು ಅವ್ರೇ ಯೋಳ್ತಾರೆ. ಪಾಲುಪತ್ರ ನೋಡಿದೀವಿ ಅಂತಾರೆ. ನನ್ ಪಾಲುಪತ್ರ ಅವ್ರ ಕೈಗೆ ಎಂಗೋಯ್ತು?"

ಜಮೀನಿನ ದಲ್ಲಾಳಿ, ಮಾತಾಡಿಯೇ ಅನ್ನ ತಿಂದವನು ನಾನು. ಅವತ್ತು ಹಲ್ಲುಜ್ಜುವುದನ್ನೂ ಬಿಟ್ಟು ಚಪ್ಪಲಿ ಮೆಟ್ಟಿದೆ.

ಪುಟ್ಟತಾಯಕ್ಕನಿಗೆ ಪಿರಿಯಾಪಟ್ಟಣದ ಹತ್ತಿರ, ತವರಿನ ಪಾಲಿಗೆ ಬಂದ ಇಪ್ಪತ್ತು ಗುಂಟೆ ಇದೆ. ರಸ್ತೆಗೆ ತಾಗಿದ ಜಾಗ. ಹಿಂದೆಯೇ ತಮ್ಮನ ಹೊಲ. ಈಗ ಹೋಟೆಲ್ ಇರುವುದು ಬಾಡಿಗೆ ಕಟ್ಟಡದಲ್ಲಿ. ಅದರ ಮಾಲೀಕರು ಮಾರುತ್ತೇನೆ ಅಂದಿದ್ದಾರೆ. ಜಮೀನು ಒಳ್ಳೆಯ ಬೆಲೆಗೆ ಹೋದರೆ ಹೋಟೆಲ್ ಅಕ್ಕನದೇ ಆಗುತ್ತದೆ. ಲೆಕ್ಕ ಅಷ್ಟೇ. ಆದರೆ ಒಂದು ಷರತ್ತು ಹಾಕಿದ್ದರು: "ವಿಸ್ಯ ನನ್ ತಮ್ಮನ ಕಿವಿಗೆ ಬೀಳಬಾರ್ದು ಕಣಪ್ಪ. ಜಗಳಕ್ಕೆ ನಾನು ಎದ್ರಲ್ಲ. ಅವ್ನ ಮೊಕ ನೋಡ್ಬುಟ್ರೆ ನಂಗೆ ಇಲ್ಲ ಅನ್ನಕಾಗಲ್ಲ, ಅದೇ ತೊಂದ್ರೆ."

ಆಗಲಿ ಅಂತ ಮಾತು ಕೊಟ್ಟಿದ್ದೆ. ನಮ್ಮ ಕಸುಬಿನ ಮೊದಲ ಪಾಠವೇ ಅದು. ಗಿರಾಕಿಗೆ ಜಾಗ ತೋರಿಸು, ಮಾಲೀಕರ ಹೆಸರು ಹೇಳಬೇಡ. ಹಳೇ ಟಿವಿಎಸ್ ಮೊಪೆಡ್‌ನಲ್ಲಿ ಹುಣಸೂರಿನ ಗಲ್ಲಿಗಲ್ಲಿ ಸುತ್ತುತ್ತಿದ್ದ ಕಾಲದಿಂದಲೂ ಆ ಪಾಠ ಮೀರಿದವನಲ್ಲ. ನನ್ನ ಹಳೇ ಡೈರಿಯಲ್ಲಿ ಮಾಲೀಕರ ಹೆಸರೇ ಇರುತ್ತಿರಲಿಲ್ಲ. 'ಹುಣಸೆಮರದ ಅಯ್ಯ', 'ಎರಡು ಬೋರಿನ ಅಮ್ಮ' ಹೀಗೆ. (ಕೆಲವೊಮ್ಮೆ ನನಗೇ ಅರ್ಥವಾಗುತ್ತಿರಲಿಲ್ಲ, ಅದು ಬೇರೆ ಮಾತು.)

ಆಮೇಲೆ ನಾನೂ ಮಾಡರ್ನ್ ಆದೆ. ವೆಬ್‌ಸೈಟ್ ಮಾಡಿಸಿದೆ.

ಮಾಡಿಕೊಟ್ಟವರು ಬಸ್ ಸ್ಟ್ಯಾಂಡ್ ಪಕ್ಕ ಕಂಪ್ಯೂಟರ್ ಅಂಗಡಿ ಇಟ್ಟಿರುವ ನಾಜಿಯಾ. ಬೇಸಿಕ್ ಸೈಟ್ ಚೆನ್ನಾಗಿಯೇ ಇತ್ತು. ಜಾಗಗಳನ್ನು ಫೋಟೊ, ಮ್ಯಾಪ್ ಸಮೇತ ಹಾಕಬೇಕು, ಕೆ.ಆರ್. ನಗರ ಅಂತ ಒತ್ತಿದರೆ ಕೆ.ಆರ್. ನಗರದ್ದು ಮಾತ್ರ ಬರಬೇಕು ಅಂದೆ. ಅದಕ್ಕೊಂದು ಪ್ಲಗಿನ್ ಬೇಕು ಸಾರ್ ಅಂದರು. ಪ್ಲಗಿನ್ ಅಂದರೆ ಮತ್ತೇನಲ್ಲ, ಕಟ್ಟಿದ ಮನೆಗೆ ಆಮೇಲೆ ಕೂರಿಸುವ ಮೋಟಾರ್ ಇದ್ದಂತೆ. ವರ್ಷಕ್ಕಿಷ್ಟು ಅಂತ ಫೀಸು.

"ಕಮ್ಮಿ ಮಾಡ್ಸಮ್ಮ," ಅಂದೆ.

"ಯಾರ ಹತ್ರ ಸಾರ್ ಕಮ್ಮಿ ಮಾಡ್ಸೋದು? ಇದು ಸ್ಕ್ರೀನು. ರೇಟ್ ಬರೆದಿದೆ, ಕಟ್ಟಬೇಕು, ಅಷ್ಟೆ."

ನೀವೇ ಹೇಳಿ, ಚೌಕಾಸಿಗೆ ಜಾಗವೇ ಇಲ್ಲದ ಕಡೆ ನನ್ನಂಥವನು ದುಡ್ಡು ಬಿಚ್ಚುವುದುಂಟೆ? ದಲ್ಲಾಳಿಗಳ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಅರ್ಧ ಗಂಟೆಯಲ್ಲಿ ಅದೇ ಪ್ಲಗಿನ್ ಪುಕ್ಕಟೆಯಾಗಿ ಬಂತು. ಯಾರು ಕಳಿಸಿದರು? ಪರಿಚಯವಿಲ್ಲ. ಅವರಿಗೆಲ್ಲಿ ಸಿಕ್ಕಿತು? ಕೇಳಲಿಲ್ಲ. ನಾಜಿಯಾಗೂ ಹೇಳದೆ ನಾನೇ ಕೂರಿಸಿದೆ. 'ಆಫೀಸಿಗೆ ಮಾತ್ರ' ಅಂತ ಅದರಲ್ಲೊಂದು ಖಾನೆ ಇತ್ತು. ಮಾಲೀಕರ ನಂಬರು, ಕಾಗದಪತ್ರ ಎಲ್ಲವನ್ನೂ ಅದರಲ್ಲಿ ತುಂಬಿ, ಡೈರಿಯನ್ನು ಅಟ್ಟಕ್ಕೆ ಎಸೆದೆ.

ಆ ಫೋನ್ ಬಂದ ಸೋಮವಾರ, ನಾಜಿಯಾ ಅಂಗಡಿಯ ಬಾಗಿಲು ತೆಗೆಯುವಾಗ ಮೆಟ್ಟಿಲ ಮೇಲೆ ಕೂತಿದ್ದೆ. ಅವರು ಹತ್ತು ನಿಮಿಷ ನೋಡಿದರು. ಮೊದಲು ಸೈಟನ್ನೇ ಬಂದ್ ಮಾಡಿದರು. ಆಮೇಲೆ ನನ್ನನ್ನು.

"ದುಡ್ಡಿನ ಪ್ಲಗಿನ್ನಿನ ಬೀಗ ಒಡೆದು, ಒಳಗೆ ತಮ್ಮದೊಂದು ಕಳ್ಳಕಿಂಡಿ ಇಟ್ಟು ಹಂಚಿದ್ದಾರೆ ಸಾರ್. ನೀವು ತುಂಬಿದ್ದೆಲ್ಲ ಅಲ್ಲಿಂದ ಆಚೆ ಹೋಗಿದೆ. ಜಾಗ ತಗೊಳ್ಳೋವಾಗ ಎಷ್ಟು ವರ್ಷದ ಇಸಿ ತೆಗೆಸ್ತೀರಿ?"

"ಮೂವತ್ತು ವರ್ಷದ್ದು."

"ಇದಕ್ಕೆ?"

ಫೋನ್ ತೆಗೆದು ವಾಟ್ಸಾಪ್ ಗುಂಪಿನ ಮೆಸೇಜ್ ತೋರಿಸಿದೆ. ಕಳಿಸಿದವರ ಹೆಸರಿನ ಜಾಗದಲ್ಲಿ ಬರೀ ನಂಬರಿತ್ತು.

ಇಸಿ, ಅಂದರೆ ಋಣಭಾರ ಪತ್ರ, ನೋಡದೆ ಅಡ್ವಾನ್ಸ್ ಕೊಡುವುದಿಲ್ಲ. ಚಕ್ಕುಬಂದಿಯ, ಅಂದರೆ ಜಾಗದ ಎಲ್ಲೆಯ, ನಾಲ್ಕೂ ಕಡೆಯವರನ್ನು ಮಾತಾಡಿಸದೆ ಜಾಗ ಮುಟ್ಟುವುದಿಲ್ಲ. ಅಂಥ ನಾನೇ ಹೀಗೆ ಮಾಡಿದೆ. ನಿಮ್ಮಲ್ಲಿ ಯಾರಾದರೂ ಸೈಟ್, ತೋಟ, ಬಾಡಿಗೆ ಮನೆ ಅಂತ ವೆಬ್‌ಸೈಟ್ ತೆಗೆಯುವ ಯೋಚನೆಯಲ್ಲಿದ್ದರೆ ಕೇಳಿ. (ಪೆಟ್ಟು ನನ್ನದು, ಬುದ್ಧಿ ನಿಮಗೆ ಫ್ರೀ. ಇದೊಂದು ಫ್ರೀ ತಗೊಳ್ಳಬಹುದು.)

ಪ್ಲಗಿನ್ನಿಗೂ ಚಕ್ಕುಬಂದಿ ಕೇಳಿ. ಮಾಡಿದವರು ಯಾರು, ತೊಂದರೆ ಅಂದರೆ ಉತ್ತರ ಕೊಡುತ್ತಾರಾ? ಕೊನೆಯ ಅಪ್‌ಡೇಟ್ ಯಾವಾಗ? ವರ್ಷಗಟ್ಟಲೆ ಅಪ್‌ಡೇಟ್ ಇಲ್ಲದ್ದು ಬಾಗಿಲಿಗೆ ಜೇಡರ ಬಲೆ ಕಟ್ಟಿದ ಮನೆ. ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಐದು ಸ್ಟಾರ್ ಕೊಟ್ಟವರನ್ನು ನಂಬಿ ಕೂರಬೇಡಿ, ಒಂದು ಸ್ಟಾರ್ ಕೊಟ್ಟವರು ಬರೆದದ್ದನ್ನು ಓದಿ. ಜಾಗದ ಐಬು ಹೇಳುವವನು ಯಾವತ್ತೂ ಬೇಲಿಯ ಆಚೆಯವನೇ.

ಹಾಗಂತ ಫ್ರೀ ಎಲ್ಲಾ ಕೆಟ್ಟದ್ದಲ್ಲ. ಮಾಡಿದವರೇ ಫ್ರೀ ಕೊಟ್ಟರೆ ಅದು ಪ್ರಸಾದ. ಇನ್ನೊಬ್ಬರ ದುಡ್ಡಿನ ಮಾಲನ್ನು ಮೂರನೆಯವನು ಫ್ರೀ ಕೊಟ್ಟರೆ ಅದು ಗಾಳದ ಹುಳು. ಹೊಸದನ್ನು ನೇರವಾಗಿ ಸೈಟಿಗೆ ಕೂರಿಸಬೇಡಿ, ನಕಲು ಸೈಟಿನಲ್ಲಿ ಓಡಿಸಿ ನೋಡಿ. ಬ್ಯಾಕಪ್ ಇಟ್ಟುಕೊಳ್ಳಿ. ಕೆಲಸಕ್ಕೆ ಬಾರದ ಪ್ಲಗಿನ್ ಕಿತ್ತು ಹಾಕಿ. ಎಲ್ಲಕ್ಕಿಂತ ಮುಖ್ಯ, ಊರಿಗೆ ಗೊತ್ತಾಗಬಾರದ್ದನ್ನು ಸೈಟಿಗೆ ಹಾಕಲೇಬೇಡಿ, ಯಾವ ಖಾನೆ ಇದ್ದರೂ ಸರಿ. ನನ್ನ ಡೈರಿ ಅಟ್ಟದಿಂದ ಇಳಿದಿದೆ.

ಪುಟ್ಟತಾಯಕ್ಕನ ಜಮೀನು ಏನಾಯಿತು ಅಂತ ತಾನೆ ಕೇಳುತ್ತಿದ್ದೀರಿ?

ಅವತ್ತೇ ಮಧ್ಯಾಹ್ನ ಅಂತರಸಂತೆಗೆ ಓಡಿದೆ. ನಾನು ಮೊದಲೇ ಜಾಗ ತೋರಿಸಿದ್ದ ಮೈಸೂರಿನ ಗಿರಾಕಿಯೊಬ್ಬರು ಅಕ್ಕ ಕೇಳಿದ ಬೆಲೆಗೇ ಒಪ್ಪಿದ್ದರು, ಆ ಮಾತನ್ನೂ ಹೊತ್ತುಕೊಂಡು ಹೋದೆ. ಹೋಟೆಲ್ ಖಾಲಿಯಾಗಿತ್ತು. ಒಂದು ಟೇಬಲ್ ಮೇಲೆ ತಿಂದ ತಟ್ಟೆ ಹಾಗೇ ಇತ್ತು.

"ನನ್ ತಮ್ಮ ಬಂದಿದ್ದ," ಅಂದರು ಅಕ್ಕ. "ಫೋನ್ ಮಾಡ್ದೋರಲ್ಲಿ ಒಬ್ಬ ಅವನ್ಗೂ ಮಾಡವ್ನೆ, ಪಕ್ಕದೊಲದೋನು ಅಂತ."

"ಜಗಳ ಮಾಡಿದ್ರಾ?"

"ಮಾಡಿದ್ರೆ ಚೆಂದಾಗಿರದು. ನಾಕು ಇಡ್ಲಿ ತಿಂದ. 'ಅಕ್ಕಾ, ರಸ್ತೆ ಮಗ್ಗುಲು ಬೇರೆಯೋರಿಗೆ ಓದ್ರೆ ನಾನು ಎಲ್ಲಿಂದ ಓಡಾಡ್ಲಿ' ಅಂದ. 'ನಂಗೇ ಕೊಡು' ಅಂದ, ಅಷ್ಟೆಯ. ನಾನು ಊಂ ಅಂದ್ಬುಟ್ಟೆ."

"ಎಷ್ಟಕ್ಕೆ?"

ಹೇಳಿದರು. ಅದರಲ್ಲಿ ಹೋಟೆಲ್ ಕಟ್ಟಡ ಬರುವುದಿಲ್ಲ. ಅರ್ಧವೂ ಬರುವುದಿಲ್ಲ. ಮೈಸೂರಿನವರ ಬೆಲೆ ನನ್ನ ನಾಲಿಗೆಯ ತುದಿಯಲ್ಲೇ ಉಳಿಯಿತು. ತಪ್ಪಾಯ್ತು ಅಕ್ಕ ಅಂದೆ. ಕಟ್ಟಡದ ಮಾಲೀಕರ ಹತ್ತಿರ ನಾನೇ ಮಾತಾಡುತ್ತೇನೆ, ಗಡುವು ಕೇಳುತ್ತೇನೆ, ನನಗೆ ಕಮಿಷನ್ ಬೇಡ ಅಂದೆ.

ಅಕ್ಕ ಟೀ ಇಟ್ಟರು. ತಮ್ಮ ತಿಂದ ತಟ್ಟೆ ಎತ್ತಿಕೊಂಡು ಒಳಗೆ ಹೊರಟವರು ಬಾಗಿಲಲ್ಲಿ ನಿಂತರು.

"ಮೊಕ ನೋಡಿದ್ರೆ ನಂಗೆ ಇಲ್ಲ ಅನ್ನಕಾಗಲ್ಲ, ಪುಕ್ಕಟೆ ಅಂದ್ರೆ ನಿಂಗೆ ಇಲ್ಲ ಅನ್ನಕಾಗಲ್ಲ. ಇಬ್ರಿಗೂ ಒಂದೇ ಕಾಯ್ಲೆ ಬುಡು. ಆದ್ರೆ ಜಮೀನು ಓಗಿದ್ದು ನಂದೊಬ್ಳದೇ ಅಲ್ವೇನಪ್ಪ?"